ಎರಡು ವ್ಯಾಕ್ಯೂಮ್ ಗೇಜ್, ಎರಡು ಲೆಕ್ಕ: ತಪ್ಪು ಪಂಪಿನದೋ ಯೂನಿಟ್‌ನದೋ ಪತ್ತೆ ಮಾಡುವುದು ಹೇಗೆ

ಪಂಪ್ ಸದ್ದು ಸರಿಯಾಗಿದೆ. ಎಣ್ಣೆಯ ಬಣ್ಣ ಚೆನ್ನಾಗಿದೆ. ಸೀಲುಗಳನ್ನೂ ಈಚೆಗೆ ಬದಲಿಸಿದ್ದಾರೆ. ಆದರೂ ಗೇಜ್ ತೋರಿಸುವ ಸಂಖ್ಯೆ ಇರಬೇಕಾದ ಮಟ್ಟಕ್ಕೆ ಇಳಿಯುವುದಿಲ್ಲ. ಅಥವಾ ಹಳೆಯ ಗೇಜ್ ತೆಗೆದು ಹೊಸದು ಹಾಕಿದ ಮೇಲೆ ಇದ್ದಕ್ಕಿದ್ದಂತೆ ವ್ಯಾಕ್ಯೂಮ್ ಕಡಿಮೆಯಾಗಿದೆ ಎಂಬ ದೂರು ಶುರುವಾಗಿದೆ. ಇಂಥ ಹೊತ್ತಲ್ಲಿ ಹೆಚ್ಚಿನವರ ಕೈ ಮೊದಲು ಸ್ಪ್ಯಾನರ್ ಕಡೆ ಹೋಗುತ್ತದೆ. ಮೊದಲು ಪೆನ್ನು ಹಿಡಿಯಿರಿ ಎನ್ನುವುದು ನನ್ನ ಮಾತು. ಗೇಜ್‌ಗಳ ರೀಡಿಂಗ್ ಬರೆದುಕೊಂಡು, ಒಂದನ್ನು ಇನ್ನೊಂದರಿಂದ ಭಾಗಿಸಿ, ಆಮೇಲೆ ಕಳೆದು ನೋಡಿದರೆ ತೊಂದರೆ ಯೂನಿಟ್‌ನಲ್ಲಿ (ಅಳತೆಯ ಮಾನದಲ್ಲಿ) ಇದೆಯೋ ಯಂತ್ರದಲ್ಲಿದೆಯೋ ಎನ್ನುವುದು ಬಹುಮಟ್ಟಿಗೆ ಗೊತ್ತಾಗುತ್ತದೆ. ಒಂದು ಬೋಲ್ಟ್ ಕೂಡ ಬಿಚ್ಚಬೇಕಾಗಿಲ್ಲ.

ವ್ಯಾಕ್ಯೂಮ್‌ನಲ್ಲಿ ಈ ಗೊಂದಲ ಇಷ್ಟೊಂದು ಯಾಕೆ? ಒಂದೇ ಒತ್ತಡವನ್ನು ಅಳೆಯಲು ಇಲ್ಲಿ ಹತ್ತಾರು ಯೂನಿಟ್‌ಗಳು ಇನ್ನೂ ಬಳಕೆಯಲ್ಲಿವೆ. 1640ರ ದಶಕದಲ್ಲಿ ಟಾರಿಚೆಲ್ಲಿ ಪಾದರಸದ ನಳಿಕೆ ನಿಲ್ಲಿಸಿದಂದಿನಿಂದ ಮಿಲಿಮೀಟರ್ ಪಾದರಸದ ಲೆಕ್ಕ ಬಂತು. ಅವನ ಹೆಸರಿನಿಂದಲೇ ಟಾರ್ ಬಂತು. ಪಾಸ್ಕಲ್ ಎಂಬ ಹೆಸರು ಅಂತರರಾಷ್ಟ್ರೀಯ ಪದ್ಧತಿಗೆ ಸೇರಿದ್ದು 1971ರಲ್ಲಿ. ಅಷ್ಟರಲ್ಲಿ ಲೆಕ್ಕವಿಲ್ಲದಷ್ಟು ಯಂತ್ರಗಳು ಟಾರ್, ಮಿಲಿಬಾರ್, ಇಂಚು ಪಾದರಸ, ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್) ಎಂದು ಬರೆದುಕೊಂಡು ಹೊರಟಾಗಿತ್ತು. ಹಾಗಾಗಿ ಒಂದೇ ಸಿಸ್ಟಮ್‌ನಲ್ಲಿ ಪಂಪಿನ ಕೈಪಿಡಿ ಮಿಲಿಬಾರ್‌ನಲ್ಲಿ, ಗೇಜ್ ಟಾರ್‌ನಲ್ಲಿ, ಕಂಟ್ರೋಲರ್ ಪಾಸ್ಕಲ್‌ನಲ್ಲಿ ಇರುವುದು ತೀರಾ ಸಾಮಾನ್ಯ.

ಮೊದಲ ಕೆಲಸ: ಮೂರು ಕಡೆ ರೀಡಿಂಗ್

ಒಂದೇ ಒತ್ತಡದಲ್ಲಿ ಎರಡು ಗೇಜ್ ಹೋಲಿಸಿ ತೀರ್ಮಾನಕ್ಕೆ ಬರಬೇಡಿ. ಕನಿಷ್ಠ ಮೂರು ಬೇರೆ ಬೇರೆ ಒತ್ತಡಗಳಲ್ಲಿ ಬರೆದುಕೊಳ್ಳಿ. ಆ ಮೂರೂ ಒಂದಕ್ಕೊಂದು ಸಾಕಷ್ಟು ದೂರ ಇರಲಿ, ಉದಾಹರಣೆಗೆ ಹತ್ತು ಪಟ್ಟು. ಪ್ರತಿ ಸಲ ವಾಲ್ವ್ ಹೊಂದಿಸಿದ ಮೇಲೆ ಒತ್ತಡ ನಿಲ್ಲುವ ತನಕ ಕಾಯಿರಿ. ಗೇಜ್‌ಗಳು ಒಂದೇ ಚೇಂಬರಿಗೆ, ಆದಷ್ಟು ಹತ್ತಿರ ಹತ್ತಿರ ಇರಬೇಕು. ಒಂದು ಪಂಪಿನ ಬಾಯಲ್ಲಿ, ಇನ್ನೊಂದು ಉದ್ದ ಪೈಪಿನ ಆಚೆ ತುದಿಯಲ್ಲಿ ಇದ್ದರೆ ಎರಡೂ ಸರಿಯಿದ್ದರೂ ರೀಡಿಂಗ್ ಬೇರೆ ಬರುತ್ತದೆ.

ಸಂಖ್ಯೆಯ ಪಕ್ಕ ಡಿಸ್‌ಪ್ಲೇಯಲ್ಲಿ ಏನು ಬರೆದಿದೆ ಎನ್ನುವುದನ್ನೂ ಹಾಗೇ ನಕಲು ಮಾಡಿ. ಇದನ್ನು ಒತ್ತಿ ಹೇಳುತ್ತೇನೆ. ನೆನಪಿನಿಂದ ಯೂನಿಟ್ ಬರೆಯಬೇಡಿ. ಮಿಲಿಟಾರ್ ಇದ್ದದ್ದು ಟಾರ್ ಎಂದು ಓದಿದರೆ ಸಾವಿರ ಪಟ್ಟು ತಪ್ಪು. ಮಿಲಿಪಾಸ್ಕಲ್ ಮತ್ತು ಮೆಗಾಪಾಸ್ಕಲ್‌ನ ಚಿಹ್ನೆಗಳಲ್ಲಿ ವ್ಯತ್ಯಾಸ ಒಂದೇ ಅಕ್ಷರದ ಗಾತ್ರ, ಆದರೆ ಅಂತರ ನೂರು ಕೋಟಿ ಪಟ್ಟು. ಕೆಲವು ಸಣ್ಣ ಡಿಸ್‌ಪ್ಲೇಗಳು 5.0-3 ಎಂದು ತೋರಿಸುತ್ತವೆ. ಅದರರ್ಥ 5.0 × 10⁻³, ಅಂದರೆ 0.005. ಅದನ್ನು ಕಳೆಯುವ ಲೆಕ್ಕದಂತೆ ಓದಿ 2 ಎಂದು ಬರೆದುಕೊಂಡರೆ ಮುಂದಿನ ಹುಡುಕಾಟವೆಲ್ಲ ದಾರಿ ತಪ್ಪುತ್ತದೆ.

ಈಗ ಮೂರು ಜೋಡಿ ಸಂಖ್ಯೆಗಳು ಕೈಯಲ್ಲಿವೆ. ಅವುಗಳಿಗೆ ಎರಡು ಪ್ರಶ್ನೆ ಕೇಳಿ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಮೂರೂ ಕಡೆ ಒಂದೇ ಉತ್ತರ ಬರುತ್ತದೆಯೇ? ಇಲ್ಲವಾದರೆ, ಒಂದರಿಂದ ಇನ್ನೊಂದನ್ನು ಕಳೆದರೆ ಮೂರೂ ಕಡೆ ಒಂದೇ ಉತ್ತರ ಬರುತ್ತದೆಯೇ?

ಭಾಗಿಸಿದಾಗ ಒಂದೇ ಉತ್ತರ ಬಂದರೆ ಮೊದಲ ಅನುಮಾನ ಯೂನಿಟ್ ಮೇಲೆ. ಕಳೆದಾಗ ಒಂದೇ ಉತ್ತರ ಬಂದು, ಅದು ವಾತಾವರಣದ ಒತ್ತಡದಷ್ಟೇ ದೊಡ್ಡದಿದ್ದರೆ ಒಂದು ಗೇಜ್ ಸೊನ್ನೆಯಿಂದ ಎಣಿಸುತ್ತಿದೆ, ಇನ್ನೊಂದು ಹೊರಗಿನ ಗಾಳಿಯಿಂದ ಎಣಿಸುತ್ತಿದೆ. ವ್ಯತ್ಯಾಸ ಪುಟ್ಟದಾಗಿದ್ದರೆ ಒಂದು ಗೇಜ್‌ನ ಸೊನ್ನೆ ಜಾರಿದೆ. ಎರಡೂ ಇಲ್ಲ, ಉತ್ತರ ಸುಮ್ನೆ ಅಲೆಯುತ್ತಿದೆ ಎಂದಾದರೆ ಮಾತ್ರ ಕೊಳೆ, ಲೀಕ್, ಪಂಪ್ ಕಡೆ ನೋಡಿ.

ಭಾಗಾಕಾರದ ಉತ್ತರ ಏನು ಹೇಳುತ್ತದೆ

ಈ ಪಟ್ಟಿಯನ್ನು ಗೇಜ್ ಪಕ್ಕ ಅಂಟಿಸಿಕೊಂಡರೆ ಒಳ್ಳೆಯದು. ಎಡಗಡೆ ಇರುವುದು ದೊಡ್ಡ ರೀಡಿಂಗನ್ನು ಚಿಕ್ಕ ರೀಡಿಂಗಿನಿಂದ ಭಾಗಿಸಿದಾಗ ಬರುವ ಸಂಖ್ಯೆ.

| ಉತ್ತರ | ಬಹುಶಃ ಅದಲುಬದಲಾದ ಯೂನಿಟ್‌ಗಳು |
|---|---|
| 1.33 | ಟಾರ್ ಮತ್ತು ಮಿಲಿಬಾರ್ |
| 1.78 | ಟಾರ್–ಮಿಲಿಬಾರ್ ಪರಿವರ್ತನೆ ಎರಡು ಸಲ, ಅಥವಾ ಉಲ್ಟಾ |
| 6.9 | ಪಿಎಸ್‌ಐ ಮತ್ತು ಕಿಲೊಪಾಸ್ಕಲ್ |
| 7.5 | ಪಾಸ್ಕಲ್ ಮತ್ತು ಮೈಕ್ರಾನ್ |
| 10 | ಕಿಲೊಪಾಸ್ಕಲ್ ಮತ್ತು ಮಿಲಿಬಾರ್ |
| 25.4 | ಇಂಚು ಪಾದರಸ ಮತ್ತು ಟಾರ್ |
| 33.9 | ಇಂಚು ಪಾದರಸ ಮತ್ತು ಮಿಲಿಬಾರ್ |
| 100 | ಮಿಲಿಬಾರ್ ಮತ್ತು ಪಾಸ್ಕಲ್ |
| 133 | ಟಾರ್ ಮತ್ತು ಪಾಸ್ಕಲ್ |
| 750 | ಮಿಲಿಬಾರ್ ಮತ್ತು ಮೈಕ್ರಾನ್ |
| 1000 | ಟಾರ್ ಮತ್ತು ಮೈಕ್ರಾನ್ (ಮಿಲಿಟಾರ್), ಕಿಲೊಪಾಸ್ಕಲ್ ಮತ್ತು ಪಾಸ್ಕಲ್ |

ಹೆಕ್ಟೊಪಾಸ್ಕಲ್ ಮತ್ತು ಮಿಲಿಬಾರ್ ಎರಡೂ ಒಂದೇ. ಟಾರ್ ಮತ್ತು ಮಿಲಿಮೀಟರ್ ಪಾದರಸ ಕೂಡ ಕೆಲಸದ ಮಟ್ಟಿಗೆ ಒಂದೇ, ಅವುಗಳ ಅಂತರ ಯಾವ ಗೇಜ್‌ಗೂ ಕಾಣುವಷ್ಟಿಲ್ಲ. ಇಲ್ಲಿ ಮೈಕ್ರಾನ್ ಅಂದರೆ ಪಾದರಸದ ಕಂಬದ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗ, ಅಂದರೆ ಒಂದು ಮಿಲಿಟಾರ್.

ಇವೆಲ್ಲದರ ಬೇರು ಒಂದೇ ಸಾಲು: ಒಂದು ಪ್ರಮಾಣಿತ ವಾತಾವರಣ ಅಂದರೆ 101325 ಪಾಸ್ಕಲ್, 1013.25 ಮಿಲಿಬಾರ್, 760 ಟಾರ್, 29.92 ಇಂಚು ಪಾದರಸ, 14.7 ಪಿಎಸ್‌ಐ. ಇದೊಂದು ಸಾಲು ನೆನಪಿದ್ದರೆ ಪಟ್ಟಿಯ ಯಾವ ಸಂಖ್ಯೆಯನ್ನು ಬೇಕಾದರೂ ನೀವೇ ತೆಗೆಯಬಹುದು. 1013.25ನ್ನು 760ರಿಂದ ಭಾಗಿಸಿ, 1.333 ಸಿಗುತ್ತದೆ. 101325ನ್ನು 760ರಿಂದ ಭಾಗಿಸಿ, 133.3. ಕೈಲೆಕ್ಕಕ್ಕೆ ಇನ್ನೂ ಸುಲಭ: ಮಿಲಿಬಾರ್‌ನ ಮುಕ್ಕಾಲು ಭಾಗ ಟಾರ್. ಟಾರ್‌ಗೆ ಅದರ ಮೂರನೇ ಒಂದು ಭಾಗ ಸೇರಿಸಿದರೆ ಮಿಲಿಬಾರ್.

1.33 ಬಂದಾಗ ಅವಸರ ಬೇಡ

ಪಟ್ಟಿಯಲ್ಲಿ ಹತ್ತಕ್ಕಿಂತ ಮೇಲಿನ ಸಂಖ್ಯೆಗಳು ಬಂದರೆ ತೀರ್ಮಾನ ಸುಲಭ. ನೂರು ಪಟ್ಟು ತಪ್ಪು ತೋರಿಸುವ ಗೇಜ್, ಅದೂ ಮೂರೂ ಕಡೆ ಸರಿಯಾಗಿ ನೂರೇ ಪಟ್ಟು, ಕೆಟ್ಟ ಗೇಜ್ ಆಗಿರುವುದು ಅಪರೂಪ. ಕಷ್ಟ ಇರುವುದು 1.33ರ ಹತ್ತಿರ. ಇಲ್ಲಿ ಯೂನಿಟ್ ತಪ್ಪು ಮತ್ತು ನಿಜವಾದ ದೋಷ ಎರಡೂ ಒಂದೇ ವೇಷದಲ್ಲಿ ಬರುತ್ತವೆ.

ಒಂದು ಉದಾಹರಣೆ. ಮೊದಲ ಗೇಜ್ 10, 1, 0.1 ತೋರಿಸಿತು. ಎರಡನೆಯದು 7.5, 0.75, 0.075. ಮೂರೂ ಕಡೆ 1.33. ಮೊದಲನೆಯದು ಮಿಲಿಬಾರ್, ಎರಡನೆಯದು ಟಾರ್ ಎಂದು ಹೇಳಬಹುದು. ಆದರೆ ಇದರಲ್ಲಿ 0.1ರ ರೀಡಿಂಗ್ ಮಾತ್ರ ನಿಮ್ಮ ಕೈಯಲ್ಲಿದ್ದರೆ ಹಾಗೆ ಹೇಳುವಂತಿಲ್ಲ. ಬಿಸಿ ತಂತಿಯ ಮೂಲಕ ಅಳೆಯುವ ಪಿರಾನಿ ಗೇಜ್‌ಗಳಲ್ಲಿ ರೀಡಿಂಗಿನ ಶೇಕಡಾ 10ರಿಂದ 15ರಷ್ಟು ಹೆಚ್ಚುಕಮ್ಮಿ ಸಹಜ. ಎರಡು ಪಿರಾನಿಗಳು ಒಂದು ಮೇಲಕ್ಕೂ ಇನ್ನೊಂದು ಕೆಳಕ್ಕೂ ವಾಲಿದರೆ ಅಂತರ 1.3 ಪಟ್ಟು ಆಗಿಬಿಡುತ್ತದೆ. ಅದಕ್ಕೇ ಮೂರು ಕಡೆ ಅಳೆಯಿರಿ ಎಂದದ್ದು. ಯೂನಿಟ್ ತಪ್ಪಾಗಿದ್ದರೆ ಉತ್ತರ ಅಲುಗಾಡುವುದಿಲ್ಲ. ಗೇಜ್‌ನ ಸ್ವಭಾವದಿಂದ ಬಂದ ಅಂತರ ಒಂದು ಕಡೆ 1.3, ಇನ್ನೊಂದು ಕಡೆ 1.1 ಎಂದು ಬದಲಾಗುತ್ತಾ ಹೋಗುತ್ತದೆ.

1.78 ಬಂದರೆ ಅರ್ಥ ಬೇರೆ. ಇದು 1.33ನ್ನು 1.33ರಿಂದ ಗುಣಿಸಿದ ಉತ್ತರ. ಗೇಜ್ ಆಗಲೇ ಮಿಲಿಬಾರ್‌ನಲ್ಲಿ ಕಳಿಸುತ್ತಿದ್ದರೂ ಪಿಎಲ್‌ಸಿ (ಯಂತ್ರ ನಡೆಸುವ ಕಂಟ್ರೋಲ್ ಕಂಪ್ಯೂಟರ್) ಅದನ್ನು ಟಾರ್ ಎಂದು ತಿಳಿದು 1.33ರಿಂದ ಗುಣಿಸುತ್ತದೆ. ಅದರ ಮೇಲೆ ಸ್ಕ್ರೀನ್ ತಯಾರಿಸಿದವರು ಇನ್ನೊಮ್ಮೆ ಗುಣಿಸುತ್ತಾರೆ. ಇಲ್ಲವೇ ಟಾರ್‌ನಿಂದ ಮಿಲಿಬಾರ್‌ಗೆ ಹೋಗುವಾಗ 1.33ರಿಂದ ಗುಣಿಸುವ ಬದಲು 0.75ರಿಂದ ಗುಣಿಸಿರುತ್ತಾರೆ. ಆಗಲೂ ಸರಿ ಉತ್ತರಕ್ಕೂ ತಪ್ಪು ಉತ್ತರಕ್ಕೂ ನಡುವೆ 1.78 ಪಟ್ಟು ಅಂತರ. ಮೊದಲನೆಯದರಲ್ಲಿ ಸ್ಕ್ರೀನ್ ನಿಜಕ್ಕಿಂತ ಜಾಸ್ತಿ ತೋರಿಸುತ್ತದೆ, ಎರಡನೆಯದರಲ್ಲಿ ಕಡಿಮೆ.

ಆದರೆ ಚೇಂಬರ್‌ನಲ್ಲಿ ಆರ್ಗಾನ್ ಇದ್ದರೆ ಇಲ್ಲಿ ಇನ್ನೊಂದು ಬಲೆ ಇದೆ. ಪಿರಾನಿ ಗೇಜ್ ಒತ್ತಡವನ್ನು ನೇರವಾಗಿ ಅಳೆಯುವುದಿಲ್ಲ. ಬಿಸಿ ತಂತಿಯಿಂದ ಅನಿಲ ಎಷ್ಟು ಶಾಖ ಒಯ್ಯುತ್ತದೆ ಎಂದು ನೋಡಿ ಒತ್ತಡ ಊಹಿಸುತ್ತದೆ. 1906ರಲ್ಲಿ ಮಾರ್ಚೆಲ್ಲೊ ಪಿರಾನಿ ಇದನ್ನು ಮುಂದಿಟ್ಟ ಕಾಲದಿಂದಲೂ ಇದರ ಗುಣ ಇದೇ. ಈ ಗೇಜ್‌ಗಳನ್ನು ಸಾಮಾನ್ಯವಾಗಿ ನೈಟ್ರೋಜನ್‌ಗೆ ಹೊಂದಿಸಿರುತ್ತಾರೆ. ಆರ್ಗಾನ್ ಶಾಖ ಒಯ್ಯುವುದರಲ್ಲಿ ನಿಧಾನ. ಹಾಗಾಗಿ 1 ಮಿಲಿಬಾರ್‌ಗಿಂತ ಕೆಳಗೆ ಆರ್ಗಾನ್‌ನ ನಿಜವಾದ ಒತ್ತಡ ಪಿರಾನಿ ತೋರಿಸಿದ್ದಕ್ಕಿಂತ ಸುಮಾರು 1.6ರಿಂದ 1.7 ಪಟ್ಟು ಜಾಸ್ತಿ ಇರುತ್ತದೆ. ಅನಿಲ ಯಾವುದಾದರೂ ಸರಿಯಾಗಿ ಅಳೆಯುವ ಕೆಪಾಸಿಟೆನ್ಸ್ ಗೇಜ್ ಪಕ್ಕದಲ್ಲಿದ್ದರೆ ಎರಡರ ನಡುವೆ ಸ್ಥಿರವಾಗಿ 1.7 ಪಟ್ಟು ಕಾಣುತ್ತದೆ. 1.78ಕ್ಕೆ ಎಷ್ಟು ಹತ್ತಿರ ನೋಡಿ! ಪತ್ತೆ ಮಾಡುವ ದಾರಿ ಸರಳ. ಆರ್ಗಾನ್ ನಿಲ್ಲಿಸಿ, ಚೇಂಬರ್‌ಗೆ ಒಣ ನೈಟ್ರೋಜನ್ ಬಿಟ್ಟು ಅದೇ ಮೂರು ಒತ್ತಡಗಳಲ್ಲಿ ಮತ್ತೆ ಓದಿ. ಅಂತರ ಮಾಯವಾದರೆ ಅನಿಲದ ಕತೆ. ಹಾಗೇ ಉಳಿದರೆ ಲೆಕ್ಕದ ಕತೆ.

ಈ ಆರ್ಗಾನ್ ವಿಷಯ ಬರೀ ಲೆಕ್ಕಕ್ಕೆ ಸೇರಿದ್ದಲ್ಲ, ಜೀವಕ್ಕೆ ಸಂಬಂಧಿಸಿದ್ದು. ಗಾಳಿಯ ಚಲನೆಯನ್ನೂ ಬಳಸಿಕೊಳ್ಳುವ ಕನ್ವೆಕ್ಷನ್ ಮಾದರಿಯ ಪಿರಾನಿ ಗೇಜ್, ಚೇಂಬರ್ ತುಂಬ ಆರ್ಗಾನ್ ತುಂಬಿ ಒತ್ತಡ ವಾತಾವರಣದ ಮಟ್ಟಕ್ಕೆ ಬಂದಾಗಲೂ ಸುಮಾರು 20ರಿಂದ 25 ಟಾರ್ ಮಾತ್ರ ತೋರಿಸುತ್ತದೆ. ನೋಡುತ್ತಿರುವವರು ಇನ್ನೂ 760 ಆಗಲಿಲ್ಲ ಎಂದು ಅನಿಲ ಬಿಡುತ್ತಲೇ ಹೋದರೆ ಚೇಂಬರ್ ಒಳಗೆ ಅಪಾಯಕಾರಿ ಒತ್ತಡ ಏರುತ್ತದೆ. ಗಾಜಿನ ಕಿಟಕಿ ಸಿಡಿಯಬಹುದು. ಆರ್ಗಾನ್‌ನಿಂದ ವೆಂಟ್ ಮಾಡುವ (ಅನಿಲ ತುಂಬಿ ವಾತಾವರಣದ ಒತ್ತಡಕ್ಕೆ ತರುವ) ಸಿಸ್ಟಮ್‌ಗೆ ರಿಲೀಫ್ ವಾಲ್ವ್ ಇರಲೇಬೇಕು. ಈ ಗೇಜ್ ನಂಬಿ ವೆಂಟ್ ಮಾಡಬೇಡಿ.

ವ್ಯತ್ಯಾಸ ಒಂದೇ ಆಗಿ, ದೊಡ್ಡದಾಗಿದ್ದರೆ

ಒಂದು ಗೇಜ್ ಮೈನಸ್ 51, ಮೈನಸ್ 81, ಮೈನಸ್ 96 ಕಿಲೊಪಾಸ್ಕಲ್ ತೋರಿಸಿತು. ಅದೇ ಹೊತ್ತಿಗೆ ಇನ್ನೊಂದು 50, 20, 5 ಕಿಲೊಪಾಸ್ಕಲ್. ಭಾಗಿಸಿದರೆ ಅರ್ಥವಿಲ್ಲದ ಉತ್ತರಗಳು. ಕಳೆದರೆ ಮೂರೂ ಕಡೆ 101. ಎರಡು ಗೇಜೂ ಸರಿಯಾಗಿವೆ. ಮೊದಲನೆಯದು ಹೊರಗಿನ ಗಾಳಿಗಿಂತ ಎಷ್ಟು ಕಡಿಮೆ ಎಂದು ಹೇಳುತ್ತಿದೆ. ಎರಡನೆಯದು ಸೊನ್ನೆಗಿಂತ ಎಷ್ಟು ಮೇಲೆ ಎಂದು ಹೇಳುತ್ತಿದೆ. ಇದನ್ನೇ ಗೇಜ್ ಒತ್ತಡ, ಅಬ್ಸಲ್ಯೂಟ್ ಒತ್ತಡ ಎನ್ನುತ್ತೇವೆ. ಮೈನಸ್ ಚಿಹ್ನೆ ಇಲ್ಲದೆ "28 ಇಂಚು ವ್ಯಾಕ್ಯೂಮ್" ಎಂದು ಬರೆಯುವ ಗೇಜ್ ಇದ್ದರೆ ಕಳೆಯುವ ಬದಲು ಕೂಡಿಸಿ ನೋಡಬೇಕು. ಎರಡೂ ಬೇರೆ ಯೂನಿಟ್‌ನಲ್ಲಿದ್ದರೆ ಮೊದಲು ಒಂದೇ ಯೂನಿಟ್‌ಗೆ ತನ್ನಿ, ಆಮೇಲೆ ಕೂಡಿಸಿ. ಈ ಕ್ರಮ ತಪ್ಪಿಸಿದರೆ ಸಂಖ್ಯೆಗಳು ಗುಟ್ಟು ಬಿಟ್ಟುಕೊಡುವುದಿಲ್ಲ.

ಸಮುದ್ರ ಮಟ್ಟದಲ್ಲಿ 28 ಇಂಚು ವ್ಯಾಕ್ಯೂಮ್ ಅಂದರೆ ಉಳಿದದ್ದು 1.92 ಇಂಚು, ಅಂದರೆ 65 ಮಿಲಿಬಾರ್ ಅಥವಾ 48.8 ಟಾರ್ ಅಬ್ಸಲ್ಯೂಟ್. 29 ಇಂಚು ಅಂದರೆ 31 ಮಿಲಿಬಾರ್. 29.5 ಇಂಚು ಅಂದರೆ 14 ಮಿಲಿಬಾರ್. ಮುಳ್ಳು ಅರ್ಧ ಇಂಚು ಸರಿದಿದ್ದಕ್ಕೆ ಒಳಗಿನ ಒತ್ತಡ ಅರ್ಧಕ್ಕಿಂತ ಕೆಳಗೆ ಬಂತು. ಸ್ಕೇಲಿನ ಕೊನೆಯಲ್ಲಿ ಮುಳ್ಳಿನ ಗೇಜ್ ಇಷ್ಟು ಕುರುಡು. ಏಸಿ ಮತ್ತು ಫ್ರಿಜ್ ಕೆಲಸದವರಿಗೆ ಇದು ಚೆನ್ನಾಗಿ ಗೊತ್ತಿರಬೇಕು. ಅಲ್ಲಿ ಗುರಿ ಸಾಮಾನ್ಯವಾಗಿ 500 ಮೈಕ್ರಾನ್. ಅಂದರೆ 0.5 ಟಾರ್, 0.67 ಮಿಲಿಬಾರ್, 67 ಪಾಸ್ಕಲ್. ಒತ್ತಡ, ವ್ಯಾಕ್ಯೂಮ್ ಎರಡನ್ನೂ ತೋರಿಸುವ ಮುಳ್ಳಿನ ಕಾಂಪೌಂಡ್ ಗೇಜ್‌ನಲ್ಲಿ 500 ಮೈಕ್ರಾನ್ 29.90 ಇಂಚಿನಲ್ಲಿ ನಿಲ್ಲುತ್ತದೆ. 5000 ಮೈಕ್ರಾನ್ 29.72ರಲ್ಲಿ. ಹತ್ತು ಪಟ್ಟು ಕೆಟ್ಟ ವ್ಯಾಕ್ಯೂಮ್, ಆದರೆ ಮುಳ್ಳಿನ ದಪ್ಪದಷ್ಟೂ ಅಂತರವಿಲ್ಲ. ಮುಳ್ಳು ಪೂರ್ತಿ ಕೆಳಗೆ ಬಂದಿದೆ, ಮೈಕ್ರಾನ್ ಗೇಜ್ ಮಾತ್ರ ಇಳಿಯುತ್ತಿಲ್ಲ, ಆದ್ದರಿಂದ ಮೈಕ್ರಾನ್ ಗೇಜ್ ಕೆಟ್ಟಿದೆ ಎಂಬ ವಾದ ಕೇಳಿಬಂದರೆ ಒಪ್ಪಬೇಡಿ. ಈ ಜಗಳದಲ್ಲಿ ಸಾಕ್ಷಿ ಹೇಳುವ ಶಕ್ತಿ ಮುಳ್ಳಿನ ಗೇಜ್‌ಗೆ ಇಲ್ಲ.

ಎತ್ತರದ ಜಾಗಗಳಲ್ಲಿ ಇನ್ನೊಂದು ತೊಂದರೆ ಸೇರಿಕೊಳ್ಳುತ್ತದೆ. ವಾತಾವರಣದ ಒತ್ತಡ ಎಲ್ಲ ಕಡೆ 1013 ಮಿಲಿಬಾರ್ ಅಲ್ಲ. ಸಮುದ್ರ ಮಟ್ಟದಿಂದ 500 ಮೀಟರ್ ಎತ್ತರದಲ್ಲಿ ಸುಮಾರು 955, 1000 ಮೀಟರ್‌ನಲ್ಲಿ 899, 1500ರಲ್ಲಿ 846, 2000 ಮೀಟರ್‌ನಲ್ಲಿ 795 ಮಿಲಿಬಾರ್. ಹವಾಮಾನದ ಪ್ರಕಾರ ಇದರ ಮೇಲೆ ಕೆಳಗೆ ಒಂದಷ್ಟು ಆಗುತ್ತದೆ. 1000 ಮೀಟರ್ ಎತ್ತರದಲ್ಲಿ ಒಂದು ಪಂಪ್ ಮೈನಸ್ 88 ಕಿಲೊಪಾಸ್ಕಲ್ ತೋರಿಸಿತು ಎಂದುಕೊಳ್ಳಿ. ಮೈನಸ್ 100 ಇರಬೇಕಿತ್ತು, ಪಂಪ್ ಬಡವಾಗಿದೆ ಎಂದು ವರದಿ ಬರೆದುಬಿಡುತ್ತಾರೆ. ಅಲ್ಲಿನ ಗಾಳಿಯ ಒತ್ತಡವೇ 90 ಕಿಲೊಪಾಸ್ಕಲ್ ಹತ್ತಿರ. ಹಾಗಾದರೆ ಒಳಗೆ ಉಳಿದದ್ದು ಬರೀ 2 ಕಿಲೊಪಾಸ್ಕಲ್, 20 ಮಿಲಿಬಾರ್. ಸಮುದ್ರ ಮಟ್ಟದಲ್ಲಿ ಇದೇ ಪಂಪ್ ಮೈನಸ್ 99 ತೋರಿಸುತ್ತಿತ್ತು. ಪಂಪಿಗೆ ಏನೂ ಆಗಿಲ್ಲ. ಅದೇ ಜಾಗದಲ್ಲಿ ಯಾವುದಾದರೂ ಗೇಜ್ ಮೈನಸ್ 98 ತೋರಿಸಿದರೆ ಆ ಗೇಜನ್ನೇ ಅನುಮಾನಿಸಬೇಕು. ಇರುವುದಕ್ಕಿಂತ ಜಾಸ್ತಿ ಗಾಳಿಯನ್ನು ಯಾರೂ ತೆಗೆಯಲಾರರು, ಅಲ್ವಾ?

ಇಲ್ಲಿ ಹವಾಮಾನ ವರದಿಯನ್ನು ನಂಬುವವರು ಬಹಳ. ಫೋನಿನ ಹವಾಮಾನ ಆ್ಯಪ್ ತೆರೆದು 1012 ಹೆಕ್ಟೊಪಾಸ್ಕಲ್ ಎಂದು ನೋಡಿ, ಗೇಜನ್ನು ಅದಕ್ಕೆ ಹೊಂದಿಸುತ್ತಾರೆ. ಹವಾಮಾನ ವರದಿಯ ಒತ್ತಡವನ್ನು ಸಾಮಾನ್ಯವಾಗಿ ಸಮುದ್ರ ಮಟ್ಟಕ್ಕೆ ಸರಿಹೊಂದಿಸಿ ಹೇಳುತ್ತಾರೆ, ಊರೂರುಗಳನ್ನು ಹೋಲಿಸಲು ಅನುಕೂಲವಾಗಲಿ ಎಂದು. 1000 ಮೀಟರ್ ಎತ್ತರದಲ್ಲಿ ಈ ಸಂಖ್ಯೆಗೂ ನಿಜವಾದ ಒತ್ತಡಕ್ಕೂ ನೂರು ಮಿಲಿಬಾರ್‌ಗಿಂತ ಜಾಸ್ತಿ ಅಂತರ ಇರುತ್ತದೆ. ನಿಮಗೆ ಬೇಕಿರುವುದು ಗೇಜ್ ಇರುವ ಕೋಣೆಯ ಒತ್ತಡ. ಹಾಗಾಗಿ ಬ್ಯಾರೋಮೀಟರ್ ಅಲ್ಲೇ ಇಟ್ಟು ಓದಿ, ಅದೂ ಸಮುದ್ರ ಮಟ್ಟದ ಹೊಂದಾಣಿಕೆ ಇಲ್ಲದ ರೀಡಿಂಗ್.

ಶೇಕಡಾವಾರು ವ್ಯಾಕ್ಯೂಮ್ ಬರೆಯುವ ಅಭ್ಯಾಸವೂ ಇದೇ ಗುಂಪಿಗೆ ಸೇರಿದ್ದು. 95 ಶೇಕಡಾ ಅಂದರೆ ಸಮುದ್ರ ಮಟ್ಟದಲ್ಲಿ 51 ಮಿಲಿಬಾರ್, 1000 ಮೀಟರ್ ಎತ್ತರದಲ್ಲಿ 45. ಒರಟು ಕೆಲಸಕ್ಕೆ ನಡೆದೀತು. ದೋಷ ಹುಡುಕುವಾಗ ಮಾತ್ರ ಶೇಕಡಾವಾರನ್ನು ಪಕ್ಕಕ್ಕಿಟ್ಟು ಅಬ್ಸಲ್ಯೂಟ್ ಸಂಖ್ಯೆ ಕೇಳಿ.

ಸೊನ್ನೆ ಜಾರಿದ ಗೇಜ್

ಒಂದು ಗೇಜ್ 1.012, 0.112, 0.022. ಇನ್ನೊಂದು 1.000, 0.100, 0.010. ಭಾಗಿಸಿದರೆ 1.01, 1.12, 2.2. ಕಳೆದರೆ ಮೂರೂ ಕಡೆ 0.012. ಇದು ಯೂನಿಟ್ ಅಲ್ಲ, ಲೀಕೂ ಅಲ್ಲ. ಮೊದಲ ಗೇಜ್‌ನ ಸೊನ್ನೆ ಮೇಲಕ್ಕೆ ಜಾರಿದೆ. ಕೆಪಾಸಿಟೆನ್ಸ್ ಗೇಜ್‌ಗಳಲ್ಲಿ ಇದು ಆಗುವುದುಂಟು. ಅದರ ಅಳತೆಯ ಕೆಳಮಿತಿಗಿಂತ ಚೆನ್ನಾಗಿ ಕೆಳಗೆ ಪಂಪ್ ಮಾಡಿ, ಗೇಜ್ ಸಾಕಷ್ಟು ಹೊತ್ತು ಬಿಸಿಯಾಗಿ ನಿಂತ ಮೇಲೆ ಸೊನ್ನೆ ಹೊಂದಿಸಿ. ಅಷ್ಟು ಆಳದ ವ್ಯಾಕ್ಯೂಮ್ ಇಲ್ಲದೆ ಸೊನ್ನೆ ಗುಂಡಿ ಒತ್ತಿದರೆ ಉಳಿದಿರುವ ಒತ್ತಡವನ್ನೇ ಸೊನ್ನೆ ಎಂದು ಗೇಜ್‌ಗೆ ಕಲಿಸಿದಂತಾಗುತ್ತದೆ. ಆಮೇಲೆ ಮೈನಸ್ ರೀಡಿಂಗ್ ಬರತೊಡಗುತ್ತದೆ.

ಗೇಜ್ ಸರಿ, ಸ್ಕ್ರೀನ್ ತಪ್ಪು

ಗೇಜ್‌ನ ಮೈಮೇಲಿನ ಡಿಸ್‌ಪ್ಲೇ ಒಂದು ಹೇಳುತ್ತದೆ, ಕಂಟ್ರೋಲ್ ಸ್ಕ್ರೀನ್ ಇನ್ನೊಂದು ಹೇಳುತ್ತದೆ. ಇಲ್ಲಿ ಹುಡುಕಬೇಕಾದದ್ದು ಗೇಜ್ ಕಳಿಸುವ ವೋಲ್ಟೇಜನ್ನು ಪಿಎಲ್‌ಸಿ ಯಾವ ಸೂತ್ರದಿಂದ ಒತ್ತಡವಾಗಿ ಬದಲಿಸುತ್ತದೆ ಎನ್ನುವುದನ್ನು.

ಹಲವು ಗೇಜ್‌ಗಳ ಔಟ್‌ಪುಟ್ ಲಾಗ್ ಲೆಕ್ಕದಲ್ಲಿರುತ್ತದೆ. ಒಂದು ವೋಲ್ಟ್ ಏರಿದರೆ ಒತ್ತಡ ಹತ್ತು ಪಟ್ಟು ಏರುವ ಮಾದರಿ ತೆಗೆದುಕೊಳ್ಳೋಣ. ಅದರ ಸೂತ್ರ ಹೀಗಿರುತ್ತದೆ: ವೋಲ್ಟೇಜ್‌ನಿಂದ ಒಂದು ಸ್ಥಿರ ಸಂಖ್ಯೆ ಕಳೆಯಿರಿ, ಬಂದದ್ದನ್ನು ಹತ್ತರ ಘಾತವಾಗಿ ಏರಿಸಿ. ಮಿಲಿಬಾರ್ ಬೇಕಾದರೆ ಆ ಸ್ಥಿರ ಸಂಖ್ಯೆ 5.5 ಎಂದಿಟ್ಟುಕೊಳ್ಳಿ. ಆಗ ಟಾರ್‌ಗೆ ಅದು 5.625 ಆಗುತ್ತದೆ, ಪಾಸ್ಕಲ್‌ಗೆ 3.5. ಗೇಜ್ 3.5 ವೋಲ್ಟ್ ಕಳಿಸಿದರೆ ಉತ್ತರ 0.01 ಮಿಲಿಬಾರ್, 0.0075 ಟಾರ್, 1 ಪಾಸ್ಕಲ್. ಮೂರೂ ಒಂದೇ ಒತ್ತಡ. ಸೂತ್ರದಲ್ಲಿ 5.625 ಹಾಕಿ ಸ್ಕ್ರೀನ್ ಮೇಲೆ ಮಿಲಿಬಾರ್ ಎಂದು ಬರೆದರೆ ಎಂದೆಂದಿಗೂ 1.33 ಪಟ್ಟು ತಪ್ಪು ಬರುತ್ತದೆ. ನಿಮ್ಮ ಗೇಜ್‌ನ ಸ್ಥಿರ ಸಂಖ್ಯೆ ಬೇರೆಯೇ ಇರಬಹುದು, ಅದರ ಕೈಪಿಡಿ ನೋಡಿ. ಆದರೆ ಟಾರ್‌ಗೂ ಮಿಲಿಬಾರ್‌ಗೂ ನಡುವೆ 0.125, ಮಿಲಿಬಾರ್‌ಗೂ ಪಾಸ್ಕಲ್‌ಗೂ ನಡುವೆ 2 ಎಂಬ ಅಂತರ ಈ ಬಗೆಯ ಎಲ್ಲ ಗೇಜ್‌ಗಳಲ್ಲೂ ಇದ್ದೇ ಇರುತ್ತದೆ.

ಇಲ್ಲಿಯೇ ಭಾಗಾಕಾರದ ಪರೀಕ್ಷೆ ಒಮ್ಮೊಮ್ಮೆ ಮೋಸ ಮಾಡುವುದು. ವೈರಿಂಗ್‌ನಲ್ಲಿ ಅರ್ಥಿಂಗ್ ಸರಿಯಿಲ್ಲದೆ ವೋಲ್ಟೇಜ್ 0.125 ವೋಲ್ಟ್‌ನಷ್ಟು ಬಿದ್ದರೂ ಪ್ರತಿ ಒತ್ತಡದಲ್ಲೂ ಸರಿಯಾಗಿ 1.33 ಪಟ್ಟು ಅಂತರ ಬರುತ್ತದೆ! ಲಾಗ್ ಲೆಕ್ಕದಲ್ಲಿ ವೋಲ್ಟೇಜ್ ಕಳೆಯುವುದೂ ಒತ್ತಡ ಭಾಗಿಸುವುದೂ ಒಂದೇ. ಆದ್ದರಿಂದ ಪಿಎಲ್‌ಸಿ ಸೂತ್ರ ತಿದ್ದುವ ಮೊದಲು ಮಲ್ಟಿಮೀಟರ್ ತೆಗೆಯಿರಿ. ಗೇಜ್‌ನ ಕನೆಕ್ಟರ್‌ನಲ್ಲಿ ಒಮ್ಮೆ, ಪಿಎಲ್‌ಸಿ ಇನ್‌ಪುಟ್‌ನಲ್ಲಿ ಒಮ್ಮೆ ಅಳೆಯಿರಿ. ಎರಡೂ ಒಂದೇ ಬಂದರೆ ಸೂತ್ರ ನೋಡಿ. ಬೇರೆ ಬಂದರೆ ವೈರ್ ನೋಡಿ. ವೈರಿನ ದೋಷವನ್ನು ಸೂತ್ರದಲ್ಲಿ ಮುಚ್ಚಿಟ್ಟರೆ ಮುಂದೆ ಗೇಜ್ ಬದಲಿಸುವವರಿಗೆ ಅದು ಒಗಟಾಗಿ ಕಾಡುತ್ತದೆ.

ನೇರ ಔಟ್‌ಪುಟ್ ಇರುವ ಗೇಜ್‌ನಲ್ಲಿ ಕೆಲಸ ಸುಲಭ. ಚೇಂಬರ್‌ಗೆ ಗಾಳಿ ಬಿಟ್ಟು ವೋಲ್ಟೇಜ್ ಓದಿ. ಹತ್ತು ವೋಲ್ಟ್‌ಗೆ 1000 ಟಾರ್ ಇರುವ ಗೇಜ್ ಸಮುದ್ರ ಮಟ್ಟದಲ್ಲಿ 7.6 ವೋಲ್ಟ್ ಹತ್ತಿರ ಕೊಡುತ್ತದೆ. 1000 ಮಿಲಿಬಾರ್‌ನ ಗೇಜ್ ತನ್ನ ಹತ್ತು ವೋಲ್ಟಿನ ಕೊನೆ ಮುಟ್ಟಿರುತ್ತದೆ. ಲೇಬಲ್ ಅಳಿಸಿಹೋದ ಗೇಜ್‌ನ ಯೂನಿಟ್ ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ. ಪಿರಾನಿಗೆ ಈ ಉಪಾಯ ಬೇಡ, ವಾತಾವರಣದ ಹತ್ತಿರ ಅದರ ರೀಡಿಂಗ್ ಅಷ್ಟು ನಂಬುವಂಥದ್ದಲ್ಲ.

ಸೆಟ್‌ಪಾಯಿಂಟ್‌ಗಳ (ಯಾವ ಒತ್ತಡದಲ್ಲಿ ಏನು ನಡೆಯಬೇಕು ಎಂದು ಕಂಟ್ರೋಲರ್‌ನಲ್ಲಿ ಹಾಕಿಟ್ಟ ಸಂಖ್ಯೆಗಳ) ತಪ್ಪು ಹೊರಗೆ ಪಂಪ್ ದೋಷದಂತೆಯೇ ಕಾಣುತ್ತದೆ. ರೋಟರಿ ಪಂಪ್ ಒತ್ತಡ ಇಳಿಸಿದ ಮೇಲೆ ಕೆಲಸಕ್ಕಿಳಿಯುವ ಟರ್ಬೊ ಪಂಪ್ 0.1 ಮಿಲಿಬಾರ್‌ನಲ್ಲಿ ಶುರುವಾಗಬೇಕು. ಯಾರೋ ಕಂಟ್ರೋಲರನ್ನು ಪಾಸ್ಕಲ್‌ಗೆ ಬದಲಿಸಿದರು, 0.1 ಹಾಗೇ ಉಳಿಯಿತು. ಈಗ ಅದು 0.1 ಪಾಸ್ಕಲ್‌ಗೆ ಕಾಯುತ್ತಿದೆ, ಅಂದರೆ 0.001 ಮಿಲಿಬಾರ್‌ಗೆ. ಎಣ್ಣೆಯ ರೋಟರಿ ಪಂಪಿಗೆ ಅಷ್ಟು ಕೆಳಗೆ ಒಯ್ಯುವುದು ಬಹಳ ಕಷ್ಟ. ಟರ್ಬೊ ಶುರುವಾಗುವುದೇ ಇಲ್ಲ, ದೂರು ರೋಟರಿ ಪಂಪಿನ ಮೇಲೆ. ಉಲ್ಟಾ ಆದರೆ ಇನ್ನೂ ಕೆಟ್ಟದ್ದು. 10 ಪಾಸ್ಕಲ್ ಇರಬೇಕಾದ ಕಡೆ 10 ಮಿಲಿಬಾರ್ ಆದರೆ ಹೈ ವ್ಯಾಕ್ಯೂಮ್ ವಾಲ್ವ್ ನೂರು ಪಟ್ಟು ಹೆಚ್ಚು ಒತ್ತಡದಲ್ಲಿ ತೆರೆದುಕೊಳ್ಳುತ್ತದೆ. ಡಿಫ್ಯೂಷನ್ ಪಂಪಿನ ಬಿಸಿ ಎಣ್ಣೆ ಕೆಡುತ್ತದೆ, ಹೈ ವ್ಯಾಕ್ಯೂಮ್ ಅಳೆಯುವ ಅಯಾನ್ ಗೇಜ್‌ನ ತಂತಿ ಸುಟ್ಟುಹೋಗಬಹುದು. ಯೂನಿಟ್ ಬದಲಿಸಿದಾಗ ಸೆಟ್‌ಪಾಯಿಂಟ್ ತಾನಾಗಿ ಬದಲಾಗುತ್ತದೆ ಎಂದು ನಂಬಬೇಡಿ. ಪ್ರತಿಯೊಂದನ್ನೂ ತೆರೆದು ಓದಿ.

ಲೀಕ್ ಲೆಕ್ಕದಲ್ಲಿ

ಪಂಪ್ ವಾಲ್ವ್ ಮುಚ್ಚಿ ಒತ್ತಡ ಎಷ್ಟು ಬೇಗ ಏರುತ್ತದೆ ಎಂದು ನೋಡುವ ಪರೀಕ್ಷೆ ಎಲ್ಲರೂ ಮಾಡುತ್ತಾರೆ. 50 ಲೀಟರ್ ಚೇಂಬರ್, ಹತ್ತು ನಿಮಿಷದಲ್ಲಿ 0.01ರಿಂದ 0.07 ಮಿಲಿಬಾರ್‌ಗೆ ಏರಿತು. 0.06ನ್ನು 50ರಿಂದ ಗುಣಿಸಿ 600 ಸೆಕೆಂಡ್‌ನಿಂದ ಭಾಗಿಸಿದರೆ ಸೆಕೆಂಡಿಗೆ 0.005 ಮಿಲಿಬಾರ್ ಲೀಟರ್. ಇದನ್ನು ಪಾಸ್ಕಲ್ ಘನ ಮೀಟರ್‌ಗೆ ತರುವಾಗ ಪದೇ ಪದೇ ನೂರರಿಂದ ಗುಣಿಸುತ್ತಾರೆ. ಲೀಟರ್ ಕೂಡ ಘನ ಮೀಟರ್ ಆಗಿ ಸಾವಿರ ಪಟ್ಟು ಇಳಿಯುತ್ತದೆ ಎನ್ನುವುದು ಮರೆತುಹೋಗುತ್ತದೆ. ಸರಿಯಾದ ಲೆಕ್ಕ ಹತ್ತರಿಂದ ಭಾಗಿಸುವುದು: 0.0005. ಮರೆತವರ ಉತ್ತರ 0.5, ಅಂದರೆ ಸಾವಿರ ಪಟ್ಟು ದೊಡ್ಡ ಲೀಕ್. ಇಲ್ಲದ ರಂಧ್ರ ಹುಡುಕುತ್ತಾ, ಲೀಕ್ ಪತ್ತೆಗೆ ಬಳಸುವ ಹೀಲಿಯಂ ಸುರಿಯುವುದು ಹೀಗೆಯೇ. ಟಾರ್ ಲೀಟರ್‌ನಲ್ಲಿ ಇದೇ ಲೀಕ್ 0.00375.

ಯೂನಿಟ್ ತಪ್ಪಿಲ್ಲ ಎಂದು ಖಚಿತವಾದ ಮೇಲೆ

ಉತ್ತರಗಳು ಅಲೆಯುತ್ತಿದ್ದರೆ ಈಗ ಯಂತ್ರದ ಸರದಿ. ಇಲ್ಲೂ ಒಂದು ಸಂಖ್ಯೆ ಮೊದಲು ನೋಡಿ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಆವಿಯ ಒತ್ತಡ 17.5 ಟಾರ್. ಮಿಲಿಬಾರ್‌ನಲ್ಲಿ 23.4, ಪಾಸ್ಕಲ್‌ನಲ್ಲಿ 2340, ಮೈಕ್ರಾನ್‌ನಲ್ಲಿ 17,500. 25 ಡಿಗ್ರಿಯಲ್ಲಿ 23.8 ಟಾರ್. ಇಳಿಯುತ್ತಿದ್ದ ಒತ್ತಡ ಈ ಸುತ್ತಮುತ್ತ ಬಹಳ ಹೊತ್ತು ನಿಂತರೆ ಒಳಗೆಲ್ಲೋ ನೀರು ಕುದಿಯುತ್ತಿದೆ. ಅದು ತಣ್ಣಗಾಗುತ್ತಾ ಹೋದಂತೆ ಸಂಖ್ಯೆ ನಿಧಾನವಾಗಿ ಇಳಿಯುತ್ತದೆ, ಸೊನ್ನೆ ಡಿಗ್ರಿಯಲ್ಲಿ 4.6 ಟಾರ್ ತನಕ. ಪಂಪಿನ ಗ್ಯಾಸ್ ಬ್ಯಾಲಸ್ಟ್ (ಆವಿ ಹೊರಹೋಗಲೆಂದು ಪಂಪಿಗೆ ಸ್ವಲ್ಪ ಗಾಳಿ ಬಿಡುವ ವಾಲ್ವ್) ತೆರೆದು ಓಡಿಸಿ, ಚೇಂಬರ್ ಸ್ವಲ್ಪ ಬಿಸಿ ಮಾಡಿ.

ಕೆಳಗಿನ ಒತ್ತಡದಲ್ಲಿ ಮಾತ್ರ ಒಂದು ಪಿರಾನಿ ಜಾಸ್ತಿ ತೋರಿಸುತ್ತಿದ್ದರೆ ಅದರ ತಂತಿಗೆ ಎಣ್ಣೆ ಅಥವಾ ಕೊಳೆ ಹಿಡಿದಿರುವ ಸಾಧ್ಯತೆ ಹೆಚ್ಚು. ಅಯಾನ್ ಗೇಜ್ ಇದ್ದರೆ ಅನಿಲ ಕೇಳಿಕೊಳ್ಳಿ. ಹೀಲಿಯಂ ಇದ್ದಾಗ ಅದು ನಿಜದ ಐದನೇ ಒಂದು ಭಾಗದಷ್ಟೇ ತೋರಿಸುತ್ತದೆ, ಆರ್ಗಾನ್ ಇದ್ದಾಗ ಸುಮಾರು 1.3 ಪಟ್ಟು ಜಾಸ್ತಿ. ಈ 1.3 ಕೂಡ ಟಾರ್–ಮಿಲಿಬಾರ್ ತಪ್ಪಿನ ವೇಷ ಹಾಕಿಕೊಂಡೇ ಬರುತ್ತದೆ. ಇಲ್ಲೂ ನೈಟ್ರೋಜನ್ ಪರೀಕ್ಷೆಯೇ ಗತಿ.

ಎಲ್ಲ ಮುಗಿದ ಮೇಲೆ ಪ್ರತಿ ಗೇಜ್ ಮೇಲೂ ಒಂದು ಚೀಟಿ ಅಂಟಿಸಿ: ಯಾವ ಯೂನಿಟ್, ಅಬ್ಸಲ್ಯೂಟೋ ಗೇಜ್ ಒತ್ತಡವೋ, ಯಾವ ಅನಿಲಕ್ಕೆ ಹೊಂದಿಸಿದ್ದು. ಲಾಗ್ ಪುಸ್ತಕದ ಕಾಲಂ ತಲೆಯಲ್ಲೂ ಯೂನಿಟ್ ಬರೆಯಿರಿ. ಹಳೆಯ ಪುಟಗಳ ಸಂಖ್ಯೆಗಳನ್ನು ತಿದ್ದಲು ಹೋಗಬೇಡಿ. ಯಾವ ತಾರೀಖಿನಿಂದ ಯೂನಿಟ್ ಬದಲಾಯಿತು ಎಂದು ಅಂಚಿನಲ್ಲಿ ಗುರುತು ಹಾಕಿದರೆ ಸಾಕು. ಮುಂದಿನ ಸಲ ಗ್ರಾಫ್‌ನಲ್ಲಿ ಆ ದಿನ ಒತ್ತಡ ಒಮ್ಮೆಲೇ 1.33 ಪಟ್ಟು ಏರಿದ್ದು ಕಂಡಾಗ ಯಾರೂ ಲೀಕ್ ಹುಡುಕಲು ಹೊರಡುವುದಿಲ್ಲ.